ಸುಟ್ಟಿರದ ಆರ್ಗನ್

ಆ ಆರ್ಗನ್ ಸುಟ್ಟುಹೋಗಿರಲಿಲ್ಲ. ಸುಟ್ಟಿದೆ ಎಂದು ಹೇಳಿದವನು ನಾನು. ಅದರ ಒಳಗಿನ ಸಾಮಾನು ಬಿಚ್ಚಿಕೊಂಡು ಹೋದವನೂ ನಾನು. ಹನ್ನೆರಡು ವರ್ಷದ ಮೇಲೆ ಅದರಲ್ಲಿ ಉಳಿದಿದ್ದನ್ನು ಅದೇ ಜಾಗದಲ್ಲಿ ಕೂರಿಸಿ, ಸತ್ತ ವಾದ್ಯಕ್ಕೆ ಜೀವ ತಂದವನೆಂದು ಶಾಲು ಹೊದಿಸಿಕೊಂಡವನೂ ನಾನೇ. ಅಷ್ಟೂ ವರ್ಷ ಆ ತಪ್ಪನ್ನು ಹೊತ್ತುಕೊಂಡು ತಿರುಗಿದವರು ಎಸ್ತರಮ್ಮ ಟೀಚರ್. ಅವರು ಅದನ್ನು ಆಫ್ ಮಾಡಿಯೇ ಹೋಗಿದ್ದರು. ಈ ಬರಹದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ನನ್ನ ಹೆಸರು ರಂಗಸ್ವಾಮಿ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಪಕ್ಕ ರೇಡಿಯೋ ರಿಪೇರಿ ಮಾಡುತ್ತೇನೆ. ನಮ್ಮದು ನೇಕಾರರ ಮನೆ. ಅಪ್ಪ ನನ್ನನ್ನೂ ಮಗ್ಗಕ್ಕೆ ಕೂರಿಸಲು ನೋಡಿದರು, ನಾನು ಕೂರಲಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದು ಕೆಲಸ ಕಲಿತು ಬಂದೆ. ನನ್ನ ಕೆಲಸದ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಕೆಟ್ಟ ರೇಡಿಯೋದ ಬೆನ್ನು ಬಿಚ್ಚಿದರೆ ಎಲ್ಲಿ ತೊಂದರೆ ಎಂದು ಎಷ್ಟೋ ಸಲ ವಾಸನೆಯಲ್ಲೇ ತಿಳಿಯುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಾನು ಮಾಡಿದ್ದು ತಿಳಿಯದೆ ಆದ ತಪ್ಪಲ್ಲ ಎಂಬುದು ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ನಮ್ಮೂರಿನಿಂದ ಮಾಕಳಿದುರ್ಗದ ಕಡೆಗೆ ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಒಂದು ಮಿಷನ್ ಶಾಲೆ, ಅದೇ ಆವರಣದಲ್ಲಿ ಹೆಂಚು ಹೊದಿಸಿದ ಸಣ್ಣ ಚರ್ಚು, ಸುತ್ತ ಒಂದಿಷ್ಟು ಮನೆಗಳು. ಆರ್ಗನ್ ಆ ಚರ್ಚಿನದು. ಹಿಂದೆ ಶಾಲೆ ನಡೆಸುತ್ತಿದ್ದ ಇಂಗ್ಲಿಷ್ ದೊರೆಸಾನಿಯೊಬ್ಬರು ಅದನ್ನು ಹಡಗಿನಲ್ಲಿ ತರಿಸಿ, ದೇಶ ಬಿಡುವಾಗ ಚರ್ಚಿನ ಸಭೆಯವರಿಗೇ ಬಿಟ್ಟುಹೋಗಿದ್ದರು. ನೋಡುವುದಕ್ಕೆ ದೊಡ್ಡ ಬೀರುವಿನಂತೆ ಇತ್ತು. ಒಳಗೆ ಹಾರ್ಮೋನಿಯಂನಲ್ಲಿರುವ ಹಾಗೇ ಹಿತ್ತಾಳೆಯ ನಾಲಗೆಗಳು — ನಾವು ರೀಡು ಎನ್ನುತ್ತೇವೆ. ಆದರೆ ಕೈಯಲ್ಲಿ ತಿದಿ ಒತ್ತಬೇಕಿಲ್ಲ, ಕರೆಂಟಿನ ಫ್ಯಾನು ಗಾಳಿ ಊದುತ್ತದೆ. ರೀಡಿನ ಸಣ್ಣ ದನಿಯನ್ನು ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತವೆ. ನಮ್ಮ ತಾಲ್ಲೂಕಿನಲ್ಲಿ ಅಂಥದ್ದು ಮತ್ತೊಂದನ್ನು ನಾನು ಕಂಡಿಲ್ಲ.

ನುಡಿಸುತ್ತಿದ್ದವರು ಎಸ್ತರಮ್ಮ. ಆಗ ಅವರಿಗೆ ನಲವತ್ತರ ಹತ್ತಿರ, ನನಗೆ ಇಪ್ಪತ್ತೇಳು. ಶಾಲೆಯಲ್ಲಿ ಐದನೇ ತರಗತಿಯ ಟೀಚರು. ಮದುವೆಯಾಗಿರಲಿಲ್ಲ, ಬೋರ್ಡಿಂಗಿನಲ್ಲಿ ಅಡುಗೆ ಮಾಡುತ್ತಿದ್ದ ತಾಯಿಯ ಜೊತೆ ಆವರಣದ ಅಂಚಿನ ಮನೆಯಲ್ಲಿದ್ದರು. ಸಣ್ಣ ಹುಡುಗಿಯಾಗಿದ್ದಾಗ ದೊರೆಸಾನಿಯೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರಂತೆ. ಆರ್ಗನ್ನಿನ ಬೀಗದ ಕೈ ಅವರ ಸೆರಗಿನ ತುದಿಯಲ್ಲಿರುತ್ತಿತ್ತು. ಆ ಬೀಗದ ಕೈಯನ್ನು ಇನ್ನೊಬ್ಬರು ಕೇಳಿದ್ದನ್ನು ಯಾರೂ ನೋಡಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಒಂದು ಭಾನುವಾರ ಬೆಳಿಗ್ಗೆ ಆರ್ಗನ್ ಹತ್ತಲೇ ಇಲ್ಲವೆಂದು ಮಾರನೆಯ ದಿನ ನನಗೆ ಹೇಳಿ ಕಳಿಸಿದರು. ಹೋದೆ. ಸಭಾಪಾಲಕರು — ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು — ಬಾಗಿಲನ್ನೂ, ಟೀಚರಿಂದ ಆರ್ಗನ್ನಿನ ಬೀಗವನ್ನೂ ತೆಗೆಸಿ, ಕಾಫಿ ಕಳಿಸುತ್ತೇನೆಂದು ಮನೆಗೆ ಹೋದರು. ಚರ್ಚಿನೊಳಗೆ ನಾನೊಬ್ಬನೇ. ಹಿಂದಿನ ಹಲಗೆ ಬಿಚ್ಚಿದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಗುಂಡಿಯಿಂದ ಒಳಕ್ಕೆ ಹೋಗುವ ವೈರನ್ನು ಪೆಟ್ಟಿಗೆಯೊಳಗೆ ಇಲಿ ಕಡಿದಿತ್ತು. ಅಷ್ಟೇ ಆಗಿದ್ದದ್ದು. ಆನ್ ಇದ್ದಾಗ ಕಡಿದಿದ್ದರೆ ಇಲಿ ಶಾಕ್ ಹೊಡೆದು ಅಲ್ಲೇ ಸತ್ತು ಬಿದ್ದಿರುತ್ತಿತ್ತು; ಸತ್ತ ಇಲಿ ಇರಲಿಲ್ಲ. ಎರಡು ತುದಿಗಳನ್ನು ಕೆರೆದು ಒಂದಕ್ಕೊಂದು ತಿರುಚಿ ಗುಂಡಿ ಒತ್ತಿದೆ. ಸಣ್ಣ ಬಲ್ಬು ಹತ್ತಿತು. ಫ್ಯಾನು ತಿರುಗಿತು. ವಾಲ್ವುಗಳು ನಿಧಾನವಾಗಿ ಕೆಂಪಾದವು. ಒಂದು ಬಿಳಿ ಕೀ ಒತ್ತಿದೆ — ಖಾಲಿ ಚರ್ಚಿನ ತುಂಬ ಒಂದೇ ಸ್ವರ, ತುಂಬಿಕೊಂಡು, ಅಲುಗದೆ ನಿಂತಿತು.

ಆಗ ಹಲಗೆ ಮುಚ್ಚಿ ಎದ್ದುಬಿಟ್ಟಿದ್ದರೆ...

ಮುಚ್ಚಲಿಲ್ಲ. ನನ್ನ ಕಣ್ಣು ಆ ಎರಡು ದೊಡ್ಡ ವಾಲ್ವುಗಳ ಮೇಲೆ, ಅವುಗಳ ಪಕ್ಕದ ಟ್ರಾನ್ಸ್‌ಫಾರ್ಮರಿನ ಮೇಲೆ ಇತ್ತು. ಆ ದಿನಗಳಲ್ಲಿ ನಾನು ಒಂದು ಮೈಕ್ ಸೆಟ್ ಕಟ್ಟುತ್ತಿದ್ದೆ. ಮದುವೆಯಾಗಲಿ, ನಾಟಕವಾಗಲಿ, ಭಾಷಣವಾಗಲಿ, ಮೈಕು ಬೇಕೆಂದರೆ ಜನ ಬೆಂಗಳೂರಿನಿಂದ ತರಿಸುತ್ತಿದ್ದ ಕಾಲ. ನಮ್ಮೂರಿನ ಮೊದಲ ಮೈಕ್ ಸೆಟ್ ನನ್ನದೇ ಆಗಬೇಕು, ಅದನ್ನು ನಾನೇ ಕೈಯಾರ ಕಟ್ಟಿರಬೇಕು ಎಂಬ ಹಟ ನನಗೆ. ಎಲ್ಲವೂ ಸಿದ್ಧವಾಗಿತ್ತು, ದನಿಯನ್ನು ದೂರಕ್ಕೆ ನೂಕುವ ಶಕ್ತಿಯ ವಾಲ್ವು, ಟ್ರಾನ್ಸ್‌ಫಾರ್ಮರು ಮಾತ್ರ ಸಿಕ್ಕಿರಲಿಲ್ಲ. ಪರದೇಶದ ಸಾಮಾನು, ಬೆಂಗಳೂರಿನ ಅಂಗಡಿಗಳನ್ನೆಲ್ಲ ಅಲೆದು ಬರಿಗೈಯಲ್ಲಿ ಬಂದಿದ್ದೆ. ಇಲ್ಲಿ ನೋಡಿದರೆ ವಾರಕ್ಕೊಂದು ಗಂಟೆ ಉರಿಯುವುದಕ್ಕಾಗಿ ಅವು ಸುಮ್ಮನೆ ಕೂತಿದ್ದವು. ಹಾಗೆಂದುಕೊಂಡೆ — ಸುಮ್ಮನೆ ಕೂತಿವೆ ಎಂದು. ಒಂದು ಸಭೆಯ ಹಾಡು, ಒಬ್ಬ ಹೆಂಗಸಿನ ಇಡೀ ವಾರದ ಸಂತೋಷ ಅವುಗಳಿಂದಲೇ ಎಂಬುದು ತಿಳಿಯದಷ್ಟು ದಡ್ಡನಾಗಿರಲಿಲ್ಲ ನಾನು. ತಿಳಿದಿತ್ತು.

ತಿರುಚಿದ್ದ ವೈರನ್ನು ಮತ್ತೆ ಬಿಡಿಸಿದೆ. ಎರಡೇ ಸುತ್ತು. ಅದನ್ನು ಬಿಡಿಸಿದ್ದು ನನ್ನ ಬೆರಳುಗಳಿಗೆ ಇನ್ನೂ ನೆನಪಿದೆ. ವಾಲ್ವುಗಳನ್ನು ಕಿತ್ತೆ, ಟ್ರಾನ್ಸ್‌ಫಾರ್ಮರಿನ ನಾಲ್ಕು ಸ್ಕ್ರೂ ಬಿಚ್ಚಿದೆ, ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಕಾಫಿ ಬಂತು. ಕುಡಿದೆ. “ಒಳಗಿನ ಸಾಮಾನು ಅಂಗಡೀಲಿ ಇಟ್ಟು ನೋಡ್ಬೇಕು ಅಯ್ನೋರೆ” ಎಂದು ಹೇಳಿ, ಎಲ್ಲರ ಎದುರಿಗೇ ಚೀಲವನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಬಂದೆ.

ಮುಂದಿನ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಹೋದೆ. ಬಾಗಿಲ ಹತ್ತಿರ ಅಯ್ಯನವರು, ಸಭೆಯ ಹಿರಿಯರಾದ ದಾವಿದಪ್ಪ, ಅವರ ಹಿಂದೆ ಹತ್ತು ಹದಿನೈದು ಜನ ನಿಂತಿದ್ದರು. ಎಸ್ತರಮ್ಮ ಟೀಚರೂ, ಅವರ ತೋಳು ಹಿಡಿದು ಅವರ ತಾಯಿಯೂ ಇದ್ದರು.

“ಏನಾಯ್ತಪ್ಪಾ ರಂಗಸ್ವಾಮಿ?” ಎಂದರು ಅಯ್ಯನವರು.

“ಸುಟ್ಟೋಗಿದೆ ಅಯ್ನೋರೆ. ಒಳಗಡೆ ಪೂರಾ ಸುಟ್ಟೋಗಿದೆ. ಇನ್ನು ಆಗಲ್ಲ.”

ಅಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಕಳ್ಳತನವಾಗುತ್ತಿತ್ತು. ದಾವಿದಪ್ಪ ಕೇಳಿದರು: “ಅದೆಂಗಪ್ಪ ಸುಡ್ತದೆ, ಇಷ್ಟು ವರ್ಷ ಸುಡದೇ ಇದ್ದಿದ್ದು?”

ಇದಕ್ಕೆ ಉತ್ತರವನ್ನು ನಾನು ಯೋಚಿಸಿಕೊಂಡು ಹೋಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ಆನ್ ಮಾಡಿದ್ದು ಹಂಗೇ ಇದ್ದಿರ್ಬೇಕು. ಆಫ್ ಮಾಡೋದು ಯಾರೋ ಮರ್ತಿದಾರೆ.”

ಯಾರೋ ಎಂದೆ. ಅಲ್ಲಿ ಯಾರೋ ಎಂಬ ಮನುಷ್ಯರೇ ಇರಲಿಲ್ಲ. ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ. ಎಲ್ಲರೂ ಟೀಚರ ಕಡೆ ತಿರುಗಿದರು.

ಟೀಚರ್ ಮೊದಲು, “ನಾನು ಆಫ್ ಮಾಡಿದೀನಿ” ಎಂದರು. ಸ್ವಲ್ಪ ತಡೆದು, “ಮಾಡಿದೀನಿ ಅನ್ಸುತ್ತೆ” ಎಂದರು. ಆರ್ಗನ್ ಹತ್ತದೆ ಹೋದ ಭಾನುವಾರದ ಹಿಂದಿನ ಸಂಜೆ ಅವರು ಹಾಡು ಅಭ್ಯಾಸ ಮಾಡುತ್ತಿದ್ದಾಗ, ಅವರ ತಾಯಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದರೆಂದು ಯಾರೋ ಬಂದು ಕೂಗಿದ್ದರಂತೆ. ಎದ್ದು ಓಡಿದ್ದರು. ಆರ್ಗನ್ನಿನ ಗುಂಡಿಯೋ, ಒಮ್ಮೆ ಒತ್ತಿದರೆ ಆನ್, ಮತ್ತೊಮ್ಮೆ ಒತ್ತಿದರೆ ಆಫ್; ಬಲ್ಬು ಹತ್ತದಿದ್ದರೆ ನೋಡಿ ಹೇಳುವ ಹಾಗಿಲ್ಲ. ಇದೆಲ್ಲ ನನಗೆ ಗೊತ್ತಿರಲಿಲ್ಲ. ನಾನು ಕತ್ತಲಲ್ಲಿ ಎಸೆದ ಕಲ್ಲು ಸರಿಯಾಗಿ ಅವರಿಗೇ ತಗುಲಿತು. ಅಲ್ಲ... ಕತ್ತಲೆಂದು ಯಾಕೆ ಹೇಳಬೇಕು. ಅವರು ನನ್ನ ಕಣ್ಣೆದುರಿಗೆ ನಿಂತಿದ್ದರು. ತಡೆತಡೆದು ಮಾತಾಡುತ್ತಿದ್ದುದನ್ನು ನೋಡಿದೆ. ಅದು ನನಗೆ ಅನುಕೂಲವಾಯಿತೆಂದುಕೊಂಡೆ.

ಅವರು ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ದಾವಿದಪ್ಪನವರಿಗೆ ಕೊಟ್ಟರು. ಯಾರೂ ಕೇಳಿರಲಿಲ್ಲ. ಕೊಡಬೇಡಿ ಎಂದೂ ಯಾರೂ ಹೇಳಲಿಲ್ಲ.

ನನ್ನ ಮೈಕ್ ಸೆಟ್ ಅದೇ ತಿಂಗಳು ಮಾತಾಡಿತು. ಚೆನ್ನಾಗಿ ಮಾತಾಡಿತು. ಅದರ ದನಿ ಕೇಳಿದವರು ಬೆಂಗಳೂರಿನ ಸೆಟ್ಟುಗಳನ್ನು ಮರೆತರು. ದೇವನಹಳ್ಳಿಯಿಂದ, ನೆಲಮಂಗಲದಿಂದ ಕರೆ ಬರತೊಡಗಿತು. ಹೋದಲ್ಲೆಲ್ಲ ಸಭೆಗೆ ಮೊದಲು ನಾನೇ ನಿಂತು “ಹಲೋ, ಹಲೋ” ಎಂದು ಪರೀಕ್ಷೆ ಮಾಡುತ್ತಿದ್ದೆ. ನನ್ನ ದನಿ ಮೂರು ಬೀದಿ ದಾಟುವುದನ್ನು ಕೇಳಿ ಎದೆ ಉಬ್ಬುತ್ತಿತ್ತು.

ಟೀಚರ ಸುದ್ದಿ ಆಗಾಗ ಕಿವಿಗೆ ಬೀಳುತ್ತಿತ್ತು. ಮನೆಗೆ ಬೀಗ ಹಾಕಿ ಶಾಲೆಯ ಗೇಟಿನವರೆಗೆ ಬಂದವರು, ಒಲೆ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಹೋಗುತ್ತಾರಂತೆ. ಹಾಜರಿ ಒಮ್ಮೆ ಕರೆದು, ಕರೆದದ್ದು ಹೌದೋ ಅಲ್ಲವೋ ಎಂದು ಮಕ್ಕಳನ್ನೇ ಕೇಳುತ್ತಾರಂತೆ. ಬಸ್ಸು ಹತ್ತಿದವರು ಇಳಿದು ಮನೆಗೆ ಓಡಿದ್ದನ್ನು ಅಂಗಡಿಗೆ ಬಂದವನೊಬ್ಬ ನಟಿಸಿ ತೋರಿಸಿದ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಆರ್ಗನ್ ಬಿಚ್ಚಿದ್ದಕ್ಕಿಂತ ಆ ನಗು ನನ್ನನ್ನು ಈಗ ಹೆಚ್ಚು ಸುಡುತ್ತದೆ. ಅವರಿಂದ ನಾನು ಕಿತ್ತುಕೊಂಡದ್ದು ವಾದ್ಯವನ್ನಷ್ಟೇ ಅಲ್ಲ. ತಾನು ಮಾಡಿದ್ದನ್ನು ಮಾಡಿದೆ ಎಂದು ಹೇಳಿಕೊಳ್ಳುವ ಧೈರ್ಯ ಒಂದಿರುತ್ತದಲ್ಲ, ಮನುಷ್ಯ ಅದರ ಮೇಲೆಯೇ ನಿಂತಿರುತ್ತಾನೆ — ಅದನ್ನು.

ಹನ್ನೆರಡು ವರ್ಷ ಕಳೆಯಿತು. ಹೊಸ ಅಯ್ಯನವರು ಬಂದರು. ವಯಸ್ಸಿನಲ್ಲಿ ಚಿಕ್ಕವರು, ಹಾಡಿನ ಹುಚ್ಚಿದ್ದವರು. ಮೂಲೆಯಲ್ಲಿ ಚಾಪೆ ಹೊದ್ದು ಕೂತಿದ್ದ ಪೆಟ್ಟಿಗೆ ನೋಡಿ ನನ್ನ ಅಂಗಡಿಗೇ ಬಂದರು.

“ಅದು ಆಗಲ್ಲ ಅಂದೋರು ನೀವೇ ಅಂತೆ. ಆದ್ರೆ ಈ ತಾಲ್ಲೂಕಲ್ಲಿ ಯಾರನ್ನ ಕೇಳಿದ್ರೂ, ಆದ್ರೆ ರಂಗಸ್ವಾಮಿ ಕೈಲೇ ಆಗ್ಬೇಕು ಅಂತಾರೆ. ಇನ್ನೊಂದ್ಸಲ ನೋಡ್ತೀರಾ?”

ನೋಡುತ್ತೇನೆ ಎಂದೆ. ಪಶ್ಚಾತ್ತಾಪದಿಂದ ಒಪ್ಪಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಬಿಟ್ಟು ಇನ್ಯಾರಿಗೂ ಇದು ಆಗದು ಎಂಬ ಗರ್ವದಿಂದ ಒಪ್ಪಿದೆ. ಗುಟ್ಟು ಬಯಲಾಗದ ಹಾಗೆ ತಪ್ಪನ್ನು ತಿದ್ದಿಬಿಡಬಹುದಲ್ಲ ಎಂಬ ಲೆಕ್ಕಾಚಾರವೂ ಇತ್ತು.

ಎರಡು ತಿಂಗಳು ಹಿಡಿಯಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಹೋಗುತ್ತಿದ್ದೆ. ಹಲಗೆ ಬಿಚ್ಚಿದ ದಿನ ಒಳಗೆ ಇಲಿಯ ಗೂಡು, ಹಾಡಿನ ಪುಸ್ತಕದ ಹಾಳೆಗಳನ್ನೇ ಹರಿದು ಕಟ್ಟಿದ್ದು. ಕೀಗಳ ಕೆಳಗಿನ ಉಣ್ಣೆಬಟ್ಟೆಯನ್ನು ನುಸಿ ತಿಂದು ಜಾಲರಿ ಮಾಡಿತ್ತು. ಗಾಳಿಪೆಟ್ಟಿಗೆಯ ಚರ್ಮ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಫ್ಯಾನಿನ ಮೋಟಾರು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು ಕದಿಯದೆ ಬಿಟ್ಟಿದ್ದನ್ನೆಲ್ಲ ಕಾಲ ತಿಂದಿತ್ತು — ಅದಕ್ಕೂ ಬಾಗಿಲು ತೆರೆದುಕೊಟ್ಟವನು ನಾನೇ. ವಾರಕ್ಕೊಮ್ಮೆ ನುಡಿಯುತ್ತಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಮೋಟಾರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದೆ. ಬೆಂಗಳೂರಿನಲ್ಲಿ ಹಾರ್ಮೋನಿಯಂ ಮಾಡುವವರೊಬ್ಬರಿಂದ ತೆಳುವಾದ ಮೇಕೆ ಚರ್ಮ ತಂದು ಗಾಳಿಪೆಟ್ಟಿಗೆಗೆ ಅಂಟಿಸಿದೆ. ಉಣ್ಣೆಬಟ್ಟೆಗೆ ಹೊಸ ಕಂಬಳಿಯೊಂದನ್ನು ಕತ್ತರಿಸಿದೆ. ಹಳೆಯ ಕಂಡೆನ್ಸರುಗಳನ್ನೆಲ್ಲ ಬದಲಿಸಿದೆ. ಕದ್ದ ವಾಲ್ವುಗಳು ನನ್ನ ಸೆಟ್ಟಿನಲ್ಲಿ ದುಡಿದು ಯಾವಾಗಲೋ ಸತ್ತಿದ್ದವು. ಅಂಥವನ್ನೇ ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದೆ. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರ್ ಕಾಲ ಬಂದು, ನಾನು ಕಟ್ಟಿದ ಆ ಮೊದಲ ಮೈಕ್ ಸೆಟ್ ಅಟ್ಟ ಸೇರಿತ್ತು. ಅದನ್ನು ಇಳಿಸಿ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ತಂದೆ. ಹಳೆಯ ಜಾಗದಲ್ಲಿಟ್ಟರೆ ನಾಲ್ಕು ಸ್ಕ್ರೂಗಳೂ ತಮ್ಮ ತಮ್ಮ ತೂತಿಗೆ ಸರಾಗವಾಗಿ ಇಳಿದವು.

ಟೀಚರ್ ಆಗ ಪಕ್ಕದಲ್ಲೇ ನಿಂತಿದ್ದರು. ಕೆಲಸ ಶುರುವಾದ ಮೂರನೇ ದಿನದಿಂದ ಶಾಲೆ ಬಿಟ್ಟ ಮೇಲೆ ಬರುತ್ತಿದ್ದರು. ಮೊದಲು ದೂರದ ಬೆಂಚಿನಲ್ಲಿ ಕೂರುತ್ತಿದ್ದರು. ಆಮೇಲೆ ಹತ್ತಿರ ಬಂದರು. ಆಮೇಲೆ ರೀಡುಗಳನ್ನು ಒಂದೊಂದಾಗಿ ಬ್ರಷ್ಷಿನಲ್ಲಿ ಉಜ್ಜಿ, ಸಾಲಾಗಿ ಬಟ್ಟೆಯ ಮೇಲೆ ಜೋಡಿಸತೊಡಗಿದರು.

“ಹೊಸದು ತಂದ್ರಾ? ಅಳತೆ ಎಷ್ಟು ಸರಿಯಾಗಿದೆ” ಎಂದರು, ಟ್ರಾನ್ಸ್‌ಫಾರ್ಮರ್ ನೋಡಿ.

“ಅಳತೆ ಕೊಟ್ಟು ಮಾಡಿಸ್ದೆ ಟೀಚರ್” ಎಂದೆ.

ಶ್ರುತಿ ಸೇರಿಸಿದ್ದು ನಾವಿಬ್ಬರೂ ಕೂಡಿ. ರೀಡಿನ ತುದಿಯನ್ನು ಅರದಿಂದ ಒಂದಿಷ್ಟು ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ನನ್ನದು ಕೈ, ಅವರದು ಕಿವಿ. “ಇನ್ನು ಚೂರು... ಚೂರೇ ಚೂರು... ಸಾಕು” ಎನ್ನುತ್ತಿದ್ದರು. ಒಂದು ರೀಡಿನಲ್ಲೂ ಅವರ ಕಿವಿ ತಪ್ಪಲಿಲ್ಲ. ಅಷ್ಟು ನಿಖರವಾದ ಮನುಷ್ಯರನ್ನು ನಾನು ನನ್ನ ಕಸುಬಿನಲ್ಲೂ ನೋಡಿಲ್ಲ. ಅರ ಹಿಡಿದ ನನ್ನ ಕೈಗೆ ಅದು ಪ್ರತಿ ದಿನ ತಿಳಿಯುತ್ತಿತ್ತು — ಇವರು ಮರೆಯುವ ಹೆಂಗಸಲ್ಲ.

ಕೊನೆಯ ಸಾಲಿನ ರೀಡು ನಡೆಯುತ್ತಿದ್ದ ಸಂಜೆ, ಕೆಲಸದ ನಡುವೆಯೇ ಅವರು ಕೇಳಿದರು:

“ರಂಗಸ್ವಾಮಿ, ನೀವು ಒಳಗೆಲ್ಲಾ ನೋಡಿದೀರಿ. ಅವತ್ತು ಅದು ಆನ್ ಆಗೇ ಇತ್ತು ಅಂತ ಖಂಡಿತಾನಾ? ಈಗ್ಲೂ ಕಣ್ಮುಚ್ಚಿದ್ರೆ ನನ್ನ ಬೆರಳು ಆ ಗುಂಡಿ ಒತ್ತಿದ್ದು ಕಾಣುತ್ತೆ. ಅದು ನಿಜಾನೋ, ನಾನೇ ಕಟ್ಕೊಂಡಿದ್ದೋ ಗೊತ್ತಾಗ್ತಿಲ್ಲ.”

ಬಾಗಿಲು ತೆರೆದು ಕೊಟ್ಟಿದ್ದರು. ಒಂದು ಮಾತು ಸಾಕಿತ್ತು. ಚರ್ಚಿನಲ್ಲಿ ಮತ್ತಾರೂ ಇರಲಿಲ್ಲ.

“ಹಳೇದೆಲ್ಲ ಯಾಕೆ ಟೀಚರ್. ಬಿಡಿ, ಈಗ ಸರಿಹೋಯ್ತಲ್ಲ” ಎಂದೆ.

ಅವರು ತಲೆಯಾಡಿಸಿ ಮುಂದಿನ ರೀಡು ಕೊಟ್ಟರು. ಯಾರೋ ಆಫ್ ಮಾಡಲು ಮರೆತರೆಂಬ ಸುಳ್ಳನ್ನು ನಾನು ಯೋಚಿಸದೆ ಹೇಳಿದ್ದೆ. ಇದನ್ನು ಯೋಚಿಸಿ ಹೇಳಿದೆ.

ಆರ್ಗನ್ ಮತ್ತೆ ನುಡಿದ ಭಾನುವಾರ ಚರ್ಚು ತುಂಬಿತ್ತು. ಅಯ್ಯನವರು ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಟೀಚರ್ ಮಾತ್ರ ಮೊದಲು ಆರ್ಗನ್ ಮುಂದೆ ಕೂರುವುದಿಲ್ಲ ಎಂದರು. ಅಯ್ಯನವರು ಬಲವಂತ ಮಾಡಿದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ನುಡಿಸ್ತೀನಿ. ಆದ್ರೆ ಮುಗಿದ್ಮೇಲೆ ಆಫ್ ಮಾಡೋದು ನೀವೇ. ನನ್ನ ಕೈಲಿ ಬೇಡ.”

ಒಪ್ಪಿದೆ. ಅವರು ನುಡಿಸಿದರು. ಹನ್ನೆರಡು ವರ್ಷ ಬಿಟ್ಟ ಬೆರಳುಗಳು ಮೊದಲ ಸಾಲಿನಲ್ಲಿ ಎಡವಿದವು, ಎರಡನೆಯದರಲ್ಲಿ ಸಾವರಿಸಿಕೊಂಡವು, ಆಮೇಲೆ ನಿಲ್ಲಲಿಲ್ಲ. ನನ್ನ ಬಾಳಿನಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು; ಈಗಲೂ ಅನುಮಾನವಿಲ್ಲದೆ ಹೇಳುತ್ತೇನೆ. ಆದರೆ ಆ ಶಾಲಿನೊಳಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂದಿನಿಂದ ಪ್ರತಿ ಭಾನುವಾರ ಸೈಕಲ್ ತುಳಿದು ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಮುಂದೆ ಹೋಗಿ ಗುಂಡಿ ಒತ್ತುತ್ತಿದ್ದೆ. ಟೀಚರ್ ಬಗ್ಗಿ ನೋಡಿ ಬಲ್ಬು ಆರಿದೆಯೆಂದು ಖಚಿತ ಮಾಡಿಕೊಂಡು, “ಥ್ಯಾಂಕ್ಸ್ ರಂಗಸ್ವಾಮಿ” ಎನ್ನುತ್ತಿದ್ದರು. ಈ ಪ್ರಪಂಚದಲ್ಲಿ ಅವರು ತಮ್ಮನ್ನು ನಂಬುತ್ತಿರಲಿಲ್ಲ, ನನ್ನನ್ನು ನಂಬುತ್ತಿದ್ದರು. ಆರು ಭಾನುವಾರ ತಡೆದುಕೊಂಡೆ. ಏಳನೆಯ ಭಾನುವಾರ ಎಲ್ಲರೂ ಹೋದ ಮೇಲೆ, ಗುಂಡಿ ಒತ್ತುವ ಬದಲು ಹಿಂದಿನ ಹಲಗೆ ತೆಗೆದು ಟ್ರಾನ್ಸ್‌ಫಾರ್ಮರ್ ತೋರಿಸಿ ಎಲ್ಲವನ್ನೂ ಹೇಳಿದೆ. ಇಲಿ ಕಡಿದ ವೈರು, ಇಲಿ ಸಾಯದೆ ಹೋದದ್ದು, ಎರಡು ಸುತ್ತು, ಚೀಲ, ಕಾಫಿ — ಯಾವುದನ್ನೂ ಬಿಡಲಿಲ್ಲ.

ಅವರು ಆ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ನೋಡಿದರು. ಕಳ್ಳ ಎನ್ನಲಿಲ್ಲ. ಬಾಯಿಂದ ಬಂದ ಮೊದಲ ಮಾತು:

“ಹಾಗಾದ್ರೆ ನಾನು ಆಫ್ ಮಾಡಿದ್ದೆ.”

“ಹೌದು ಟೀಚರ್.”

“ನನಗೆ ನೆನಪಿದ್ದದ್ದು ಸರಿ ಇತ್ತು.”

“ಸರಿ ಇತ್ತು.”

ಆಮೇಲೆ ತಾಯಿಯ ಮಾತೆತ್ತಿದರು. ತಾಯಿ ತೀರಿಕೊಂಡು ಐದು ವರ್ಷವಾಗಿತ್ತು. “ನಮ್ಮಮ್ಮ ಕೊನೇ ತನಕ ಅಂತಿದ್ರು, ನಾನು ಆವತ್ತು ಬೀಳದೇ ಇದ್ದಿದ್ರೆ ನೀನು ಆಫ್ ಮಾಡಿ ಬರ್ತಿದ್ದೆ, ನನ್ನಿಂದ ನಿನ್ನ ಆರ್ಗನ್ ಹೋಯ್ತು ಅಂತ. ಅವರನ್ನ ಸಮಾಧಾನ ಮಾಡೋದೇ ನನ್ನ ಕೆಲಸ ಆಗಿತ್ತು.”

ನಾನು ಕೈ ಮುಗಿದೆ. ಅವರು ಅದನ್ನು ನೋಡಿದರೋ ಇಲ್ಲವೋ. ಎದ್ದು ಆರ್ಗನ್ನಿನ ಗುಂಡಿಯನ್ನು ತಾವೇ ಒತ್ತಿದರು. ಈ ಸಲ ಬಗ್ಗಿ ನೋಡಲಿಲ್ಲ.

“ಇನ್ಮೇಲೆ ಇದಕ್ಕೆ ನೀವು ಬರೋದು ಬೇಡ. ಬರೋ ಭಾನುವಾರ ಮಾತ್ರ ಬನ್ನಿ. ನನಗೆ ಹೇಳಿದ್ದನ್ನ ಎಲ್ಲರ ಮುಂದೆ ಹೇಳಿ. ನಾನೇ ಹೇಳಿದ್ರೆ ನನ್ನನ್ನ ಉಳಿಸ್ಕೊಳ್ಳೋಕೆ ಹೇಳಿದ ಹಾಗಿರುತ್ತೆ. ನೀವು ಹೇಳಿದ್ರೆ ನಂಬ್ತಾರೆ.”

ಬರುತ್ತೇನೆ ಎಂದೆ. ಮಾತು ಕೊಟ್ಟೆ.

ಆ ಭಾನುವಾರ ನೆಲಮಂಗಲದಲ್ಲಿ ಒಂದು ಮದುವೆಗೆ ಮೈಕ್ ಹಾಕಲು ಹೋದೆ. ಬೇಡವೆನ್ನಬಹುದಾದ ಕೆಲಸ. ಬೆಳಿಗ್ಗೆ ಬಸ್ಸಿನ ಮೇಲೆ ಹಾರ್ನ್ ಸ್ಪೀಕರನ್ನು ಏರಿಸಿ ಕಟ್ಟುತ್ತಿದ್ದಾಗ ಚರ್ಚಿನಲ್ಲಿ ಆರಾಧನೆ ಶುರುವಾಗುವ ಹೊತ್ತು; ಗೊತ್ತಿತ್ತು. ತಾಲ್ಲೂಕಿಗೆಲ್ಲ ಹೆಸರಾದ ಕೆಲಸಗಾರ, ಕಳ್ಳನೆನ್ನಿಸಿಕೊಂಡು ಅಂಗಡಿಯಲ್ಲಿ ಹೇಗೆ ಕೂರುವುದು... ಇಷ್ಟೇ ಇದ್ದದ್ದು. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ನಾಲ್ಕು ವರ್ಷ ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಟೀಚರ್ ತಲೆ ಬಾಗಿಸಿ ಮುಂದೆ ಹೋಗುತ್ತಿದ್ದರು. ಅವರ ನಡಿಗೆಯಲ್ಲಿ ಹಿಂತಿರುಗಿ ನೋಡುವುದು ನಿಂತಿತ್ತು. ಯಾರಿಗೂ ಏನೂ ಹೇಳಿರಲಿಲ್ಲ.

ಈ ವರ್ಷ ಅವರು ಕೆಲಸದಿಂದ ನಿವೃತ್ತರಾದರು. ಹೊಸಕೋಟೆಯಲ್ಲಿರುವ ತಂಗಿಯ ಮನೆಗೆ ಹೋಗುವವರಿದ್ದರು. ಶಾಲೆಯ ಅಂಗಳದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡು ಮೈಕಿಗೆ ನನಗೇ ಹೇಳಿದರು. ಈ ಸಲ ಬೇಡವೆನ್ನಲು ಬಾಯಿ ಬರಲಿಲ್ಲ. ಹೋದೆ, ಮೈಕ್ ಸೆಟ್ಟಿನ ಪಕ್ಕದಲ್ಲಿ ಕೂತೆ. ಸಂಜೆ ನಾಲ್ಕು ಗಂಟೆ. ಮಕ್ಕಳು, ಅವರ ತಂದೆತಾಯಿಗಳು, ಸಭೆಯ ಜನ. ಅಯ್ಯನವರು ಪ್ರೀತಿಯಿಂದಲೇ ಮಾತಾಡಿದರು. ಕೊನೆಗೆ ನಗುತ್ತ, “ನಮ್ಮ ಟೀಚರ್ ಒಂದ್ಸಲ ಸ್ವಿಚ್ ಮರ್ತು ಆರ್ಗನ್ ಸುಟ್ಟಿದ್ದುಂಟು. ಆದ್ರೆ ಮಕ್ಕಳಿಗೆ ಪಾಠ ಹೇಳೋದನ್ನ ಒಂದು ದಿನವೂ ಮರೀಲಿಲ್ಲ” ಎಂದರು.

ಜನ ನಕ್ಕರು. ಟೀಚರೂ ಸ್ವಲ್ಪ ನಕ್ಕರು. ನನ್ನ ಕಡೆ ನೋಡಲಿಲ್ಲ. ಆ ಮಾತು ನನ್ನದೇ ಹಾರ್ನ್ ಸ್ಪೀಕರಿನಿಂದ ಹೊರಟು ಅಂಗಳ ದಾಟಿ, ಬಯಲು ದಾಟಿ ಹೋಗುವುದನ್ನು ಕೇಳಿದೆ.

ಎದ್ದೆ. ಅಯ್ಯನವರ ಕೈಯಿಂದ ಮೈಕ್ ತೆಗೆದುಕೊಂಡೆ. ಸೆಟ್ಟಿನಲ್ಲಿ ಏನೋ ತೊಂದರೆಯೆಂದುಕೊಂಡು ಅವರು ಬಿಟ್ಟುಕೊಟ್ಟರು.

“ಟೀಚರ್ ಸುಡಲಿಲ್ಲ. ಸುಟ್ಟೇ ಇರಲಿಲ್ಲ. ಒಳಗಿನ ಸಾಮಾನು ಕದ್ದು ಸುಳ್ಳು ಹೇಳಿದೋನು ನಾನು” ಎಂದೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬೀಗದ ಕೈಯ ವಿಷಯ, ಅಂಗಡಿಯಲ್ಲಿ ನಕ್ಕ ವಿಷಯ, ಶಾಲಿನ ವಿಷಯ, ನಾಲ್ಕು ವರ್ಷದ ಹಿಂದೆ ಮಾತು ಕೊಟ್ಟು ತಪ್ಪಿಸಿಕೊಂಡ ವಿಷಯ. ಯಾರೂ ಬೈಯಲಿಲ್ಲ. ಮಕ್ಕಳಿಗೆ ಏನೆಂದು ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಅಯ್ಯನವರು ಟೀಚರ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳಿದರು. ನಾನು ವೈರು ಸುತ್ತತೊಡಗಿದೆ.

ಜನ ಚದುರಿದ ಮೇಲೆ ಟೀಚರ್ ನನ್ನ ಹತ್ತಿರ ಬಂದರು. ಕೊರಳಲ್ಲಿದ್ದ ಹಾರ ತೆಗೆದು ಕೈಯಲ್ಲಿ ಹಿಡಿದಿದ್ದರು. ಈಗಲಾದರೂ ಒಂದು ಮಾತು, ಒಳ್ಳೆಯದೋ ಕೆಟ್ಟದ್ದೋ, ಆಡುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

“ಅವತ್ತು ಬಾಗಿಲ ಹತ್ರ ನಿಂತಿದ್ದೋರಲ್ಲಿ ಇವತ್ತು ಇಲ್ಲಿ ಎಷ್ಟು ಜನ ಇದ್ರು?”

ಯೋಚಿಸಿದೆ. ಆಗಿನ ಅಯ್ಯನವರು ವರ್ಗವಾಗಿ ಹೋಗಿ ಎಷ್ಟೋ ಕಾಲವಾಗಿತ್ತು. ದಾವಿದಪ್ಪ ತೀರಿಕೊಂಡಿದ್ದರು. ಉಳಿದವರು ಕೋಲಾರ, ಬೆಂಗಳೂರು, ತುಮಕೂರು ಎಂದು ಚದುರಿದ್ದರು. “ಇಬ್ಬರು” ಎಂದೆ.

“ನಾನು ಬೀಗದ ಕೈ ಕೊಟ್ಟಿದ್ದನ್ನ ನೋಡಿದೋರಿಗೆ ಇದು ತಿಳೀಬೇಕು. ಬರ್ಕೊಳ್ಳಿ.”

ನನ್ನ ಹತ್ತಿರ ರಸೀದಿ ಪುಸ್ತಕವಿತ್ತು. ಅದರ ಹಿಂಬದಿಯಲ್ಲಿ ಬರೆದುಕೊಂಡೆ. ಅವರು ನಿಂತಲ್ಲೇ, ತಡವರಿಸದೆ, ಒಂದೊಂದೇ ಹೆಸರು, ಈಗ ಯಾವ ಊರು, ಯಾರ ಮನೆಯಲ್ಲಿದ್ದಾರೆ ಎಂಬುದನ್ನು ಹೇಳುತ್ತ ಹೋದರು. ಹತ್ತು ಹೆಸರಾಯಿತು. ಹನ್ನೊಂದನೆಯದು, ದಾವಿದಪ್ಪನವರ ಹೆಂಡತಿ, ಮಗಳ ಮನೆ, ಕೋಲಾರ ಎಂದರು. ಬರೆದೆ. ಮುಂದಿನ ಹೆಸರಿಗೆ ಪೆನ್ನು ಹಿಡಿದು ಕಾದೆ.

“ಅಷ್ಟೇ. ಇನ್ನೊಬ್ಬರು ನಮ್ಮಮ್ಮ” ಎಂದರು. “ಅವರ ಹೆಸರು ಬರ್ಕೋಬೇಡಿ. ಅಲ್ಲಿಗೆ ನಿಮ್ಮಿಂದ ಹೋಗೋಕಾಗಲ್ಲ.”

ಹೇಳಿ, ಶಾಲೆಯ ಮೆಟ್ಟಿಲ ಕಡೆ ನಡೆದರು.

ಇದಾಗಿ ಮೂರು ತಿಂಗಳು. ಏಳು ಮನೆಗಳಿಗೆ ಹೋಗಿ ಬಂದಿದ್ದೇನೆ. ಹೊರಗೇ ನಿಂತು ಹೆಸರು ಹೇಳಿ, ಬಂದ ಕಾರಣ ಹೇಳುತ್ತೇನೆ. ಕೂರಿ ಎಂದರೆ ಮಾತ್ರ ಕೂರುತ್ತೇನೆ. ಒಂದು ಮನೆಯವರು ಬಾಗಿಲು ಹಾಕಿಕೊಂಡರು, ಸರಿಯಾಗಿಯೇ ಮಾಡಿದರು. ಆಗಿನ ಅಯ್ಯನವರು ಈಗ ಹಾಸಿಗೆ ಹಿಡಿದಿದ್ದಾರೆ. ಎರಡು ಸಲ ಹೇಳಬೇಕಾಯಿತು, ಎರಡನೇ ಸಲ ಅವರ ಕಣ್ಣಲ್ಲಿ ನೀರು ಬಂತು. ಇನ್ನು ನಾಲ್ಕು ಮನೆ ಉಳಿದಿವೆ. ಕೋಲಾರದ ವಿಳಾಸ ಬದಲಾಗಿದೆಯಂತೆ, ಕೇಳಿಕೊಂಡು ಹೋಗಬೇಕು. ಸಿಗದೆ ಹೋದವರ ಕೈಗೆ ಇದಾದರೂ ಸೇರಲೆಂದು ಈ ಬರಹವನ್ನು ಅಚ್ಚಿಗೆ ಕೊಡುತ್ತಿದ್ದೇನೆ. ನನ್ನ ಹೆಸರನ್ನು ಮರೆಮಾಡಬೇಡಿ ಎಂದು ಕೇಳಿಕೊಂಡಿದ್ದೇನೆ.

ಒಬ್ಬರ ಬಳಿಗೆ ಮಾತ್ರ ಯಾವ ಬಸ್ಸಿನಲ್ಲೂ ಹೋಗಲಾರೆ. ತನ್ನ ಕಾಲು ಜಾರಿದ್ದರಿಂದ ಮಗಳ ಸುಖ ಹಾಳಾಯಿತೆಂದು ನಂಬಿಕೊಂಡೇ ಆ ತಾಯಿ ಕಣ್ಣು ಮುಚ್ಚಿದರು. ಅವರಿಗೆ ಹೇಳಬಹುದಾಗಿದ್ದ ವರ್ಷಗಳಲ್ಲಿ ನಾನು ಮೈಕ್ ಹಿಡಿದು ಊರೂರು ತಿರುಗುತ್ತಿದ್ದೆ.